ಪೆನ್‌ಡ್ರೈವ್ ಕಾಣಿಸದಿದ್ದರೆ ಲಿನಕ್ಸ್ ಅಳಿಸಬೇಡಿ

ಕಳೆದ ಆಟಿ ತಿಂಗಳಲ್ಲಿ ಕುಂಬಳೆ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರ ಟೀಚರ್ ಒಬ್ಬರು ಬದಿಯಡ್ಕದ ನನ್ನ ಅಂಗಡಿಗೆ ಬಂದರು. ಮಳೆಗೆ ಒದ್ದೆಯಾಗದಂತೆ ಲ್ಯಾಪ್‌ಟಾಪನ್ನು ಎರಡು ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಸುತ್ತಿ ತಂದಿದ್ದರು. ‘ಅಣ್ಣಾ, ಇದರಲ್ಲಿರುವ ಲಿನಕ್ಸನ್ನು ತೆಗೆದುಬಿಡಿ. ಮನೆಯಲ್ಲಿ ವಿಂಡೋಸಿನಲ್ಲಿ ಪೆನ್‌ಡ್ರೈವ್ ಚೆನ್ನಾಗಿ ಓದುತ್ತದೆ, ಶಾಲೆಯಲ್ಲಿ ಲಿನಕ್ಸ್ ಹಾಕಿದರೆ ಕಾಣಿಸುವುದೇ ಇಲ್ಲ’ ಎಂದರು.

‘ತೆಗೆಯುವುದು ಅರ್ಧ ಗಂಟೆಯ ಕೆಲಸ ಟೀಚರ್. ಅದಕ್ಕೆ ಮೊದಲು ಹತ್ತು ನಿಮಿಷ ಕುಳಿತುಕೊಳ್ಳಿ’ ಎಂದೆ.

ನಮ್ಮ ಕಾಸರಗೋಡಿನಲ್ಲಿ ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎಂದು ಯಂತ್ರವನ್ನು ನಡೆಸುವ ಎರಡು ವ್ಯವಸ್ಥೆ ಇರುವುದು ಶೋಕಿಗಲ್ಲ. ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದು ಲಿನಕ್ಸಿನಲ್ಲಿ. 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಅದು ಕೊಡುವ, ಲಿನಕ್ಸಿನ ಒಂದು ರೂಪವಾದ ಉಬುಂಟು ಆಧಾರಿತ ವ್ಯವಸ್ಥೆಯಲ್ಲೇ ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಕಲಿಯುತ್ತಾರೆ. ಆದರೆ ಅಧ್ಯಾಪಕರು ಪ್ರಶ್ನೆಪತ್ರಿಕೆಯನ್ನು ‘ನುಡಿ’, ‘ಬರಹ’ದಂತಹ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಬೇಕು, ಅದಕ್ಕೆ ವಿಂಡೋಸ್ ಬೇಕು. ಹೀಗಾಗಿ ಎರಡೂ ಬೇಕಾಗುತ್ತವೆ. ಲಿನಕ್ಸ್ ತೆಗೆದರೆ ಟೀಚರಿಗೆ ನಾಳೆ ಪಾಠಕ್ಕೆ ತೊಂದರೆ.

ಎರಡು ವ್ಯವಸ್ಥೆ ಇರುವುದರಿಂದ ರಿಪೇರಿಯವನಿಗೆ ದೊಡ್ಡ ಉಪಕಾರವಿದೆ. ಪೋರ್ಟ್, ತಂತಿ, ಬೋರ್ಡ್ ಎಲ್ಲ ಅವೇ ಆಗಿದ್ದು, ನಡೆಸುವ ತಂತ್ರಾಂಶ ಮಾತ್ರ ಬೇರೆಯಾಗಿರುತ್ತದೆ. ಅದೇ ಪೆನ್‌ಡ್ರೈವನ್ನು ಅದೇ ಪೋರ್ಟಿಗೆ ಸಿಕ್ಕಿಸಿ ಎರಡರಲ್ಲೂ ನೋಡಬೇಕು. ಎರಡೂ ಕಡೆ ಕೈಕೊಟ್ಟರೆ ದೋಷ ಹೆಚ್ಚಾಗಿ ಲೋಹದಲ್ಲೋ ತಂತಿಯಲ್ಲೋ ಇರುತ್ತದೆ. ಒಂದೇ ಕಡೆ ಕೈಕೊಟ್ಟರೆ ಮಾತ್ರ ತಂತ್ರಾಂಶದತ್ತ ತಿರುಗಬೇಕು. ‘ಅದೇ ಪೋರ್ಟ್’ ಎಂಬ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಹೆಚ್ಚಿನವರು ತಪ್ಪುವುದು ಅಲ್ಲಿಯೇ.

ಟೀಚರನ್ನು ಕೇಳಿದೆ: ‘ಶಾಲೆಯಲ್ಲಿ ಯಾವ ಬದಿಗೆ ಸಿಕ್ಕಿಸುತ್ತೀರಿ?’ ಅವರು ಸ್ವಲ್ಪ ಯೋಚಿಸಿ ಎಡಬದಿ ತೋರಿಸಿದರು. ಶಾಲೆಯಲ್ಲಿ ಬಲಬದಿಯ ಪೋರ್ಟಿನಲ್ಲಿ ಮೌಸ್ ಇರುತ್ತದೆ. ಮನೆಯಲ್ಲಿ ಮೌಸ್ ಬಳಸುವುದಿಲ್ಲ, ಪೆನ್‌ಡ್ರೈವ್ ಬಲಕ್ಕೆ ಹೋಗುತ್ತದೆ. ಎಡ ಪೋರ್ಟಿನ ದೋಷ ಲಿನಕ್ಸಿನ ತಲೆಗೆ ಬಂದಿತ್ತು.

ಆದರೂ ಊಹೆಯ ಮೇಲೆ ಬಿಡಬಾರದು. ಲಿನಕ್ಸ್ ತೆರೆದು, ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ಲಿನಲ್ಲಿ ‘ಸುಡೊ ಡಿಎಂಇಎಸ್‌ಜಿ -ಡಬ್ಲ್ಯೂ’ ಎಂಬ ಆದೇಶ ಕೊಟ್ಟೆ. ಅಕ್ಷರಗಳನ್ನು ಇಂಗ್ಲಿಷಿನ ಸಣ್ಣ ಲಿಪಿಯಲ್ಲಿ ಒತ್ತಬೇಕು. ಯಂತ್ರದೊಳಗೆ ಆದದ್ದನ್ನೆಲ್ಲ ಕರ್ನಲ್, ಅಂದರೆ ಲಿನಕ್ಸಿನ ತಿರುಳು ಭಾಗ, ಸಾಲು ಸಾಲಾಗಿ ಬರೆಯುವುದು ಆಗ ಕಣ್ಣೆದುರೇ ಕಾಣುತ್ತದೆ. ಎಡಬದಿಗೆ ಪೆನ್‌ಡ್ರೈವ್ ಸಿಕ್ಕಿಸಿದ ಕೂಡಲೇ ಸಾಲುಗಳು ಇಳಿದವು: ‘ನ್ಯೂ ಹೈ-ಸ್ಪೀಡ್ ಯುಎಸ್‌ಬಿ ಡಿವೈಸ್’, ಅದರ ಕೆಳಗೆ ‘ಡಿವೈಸ್ ಡಿಸ್ಕ್ರಿಪ್ಟರ್ ರೀಡ್/64, ಎರರ್ -71’. ಅದೇ ಸಾಲು ಮತ್ತೆ ಮತ್ತೆ. ಕೊನೆಗೆ ‘ಅನೇಬಲ್ ಟು ಎನ್ಯುಮರೇಟ್ ಯುಎಸ್‌ಬಿ ಡಿವೈಸ್’.

ಇಲ್ಲಿ ನಡೆದದ್ದು ಇಷ್ಟು. ಪೆನ್‌ಡ್ರೈವ್ ಸಿಕ್ಕಿಸಿದೊಡನೆ ಲ್ಯಾಪ್‌ಟಾಪ್ ಅದಕ್ಕೆ 5 ವೋಲ್ಟ್ ಕೊಟ್ಟು, ‘ನೀನು ಯಾರು?’ ಎಂದು ಕೇಳುತ್ತದೆ. ಪೆನ್‌ಡ್ರೈವ್ 18 ಬೈಟುಗಳ ಒಂದು ಚಿಕ್ಕ ಪರಿಚಯಪತ್ರ ಕೊಡಬೇಕು. ತಯಾರಕರು ಯಾರು, ಯಾವ ಮಾದರಿ ಎಂಬುದು ಅದರಲ್ಲಿರುತ್ತದೆ. ಅದನ್ನೇ ಡಿಸ್ಕ್ರಿಪ್ಟರ್ ಎನ್ನುವುದು. -71 ಎಂದರೆ ಸಂಭಾಷಣೆಯ ನಿಯಮ ಮುರಿದಿದೆ: ಉತ್ತರ ಅರೆಬರೆಯಾಗಿ ಬಂತು, ಇಲ್ಲವೇ ಬರಬೇಕಾದ ಹೊತ್ತಿಗೆ ಬರಲಿಲ್ಲ. -110 ಎಂದಿದ್ದರೆ ಕೇಳಿ ಕೇಳಿ ಕಾದರೂ ಉತ್ತರ ಬಾರದೆ ಗಡು ಮೀರಿತು ಎಂದರ್ಥ. ನನ್ನ ಅನುಭವದಲ್ಲಿ -71ರ ಹಿಂದೆ ಹೆಚ್ಚಾಗಿ ಕೆಟ್ಟ ಸಂಪರ್ಕವೋ ಕೆಟ್ಟ ಕೇಬಲ್ಲೋ ಇರುತ್ತದೆ. -110ರ ಹಿಂದೆ ಕರೆಂಟ್ ಸಾಲದಿರುವುದು.

ಅದೇ ಎಡ ಪೋರ್ಟಿನಲ್ಲಿ ವಿಂಡೋಸ್ ತೆರೆದು ನೋಡಿದೆವು. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ತ್ರಿಕೋನ, ‘ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್’, ಕೋಡ್ 43. ಭಾಷೆ ಬೇರೆ, ದೂರು ಅದೇ. ಟೀಚರಿಗೆ ಮತ್ತೆ ವಿವರಿಸಬೇಕಾಗಲಿಲ್ಲ.

ಪೋರ್ಟಿನೊಳಗೆ ಟಾರ್ಚ್ ಬಿಟ್ಟು ಭೂತಗನ್ನಡಿಯಲ್ಲಿ ನೋಡಿದೆ. ಸಾಮಾನ್ಯ ಪೋರ್ಟಿನಲ್ಲಿ ನಾಲ್ಕು ಲೋಹದ ಪಟ್ಟಿಗಳಿರುತ್ತವೆ: ಎರಡು ಅಂಚಿನವು ಕರೆಂಟಿಗೆ, ನಡುವಿನ ಎರಡು ಮಾಹಿತಿಗೆ. ನಡುವಿನ ಒಂದು ಪಟ್ಟಿಯ ಮೇಲೆ ಹಸಿರು ನೀಲಿ ಬಣ್ಣದ ಪುಡಿ ಕಟ್ಟಿತ್ತು. ಕಂಗಿಗೆ, ಅಂದರೆ ಅಡಿಕೆ ಮರಕ್ಕೆ, ಮದ್ದು ಬಿಡುವವರಿಗೆ ಆ ಬಣ್ಣದ ಪರಿಚಯ ಹೇಳಬೇಕಿಲ್ಲ, ಮೈಲುತುತ್ತಿನಲ್ಲಿರುವುದೂ ತಾಮ್ರವೇ. ಪಟ್ಟಿಯ ಮೇಲಿನ ತೆಳು ಚಿನ್ನದ ಲೇಪ ಸವೆದಲ್ಲಿ ಕಡಲ ಗಾಳಿಯ ಉಪ್ಪೂ ಮಳೆಗಾಲದ ತೇವವೂ ಸೇರಿ ಒಳಗಿನ ತಾಮ್ರವನ್ನು ತಿನ್ನುತ್ತವೆ. ಕರೆಂಟಿನ ಪಟ್ಟಿಗಳು ಸರಿ ಇದ್ದುದರಿಂದ ಪೆನ್‌ಡ್ರೈವಿನ ದೀಪ ಉರಿಯುತ್ತಿತ್ತು. ‘ದೀಪ ಉರಿಯುತ್ತದಲ್ಲಾ, ಹಾಗಾದರೆ ಪೋರ್ಟ್ ಸರಿ ಇದೆ’ ಎಂದು ಜನ ನಂಬುವುದು ಇದರಿಂದ. ದೀಪಕ್ಕೆ ಕರೆಂಟ್ ಸಾಕು, ಮಾಹಿತಿಯ ತಂತಿ ಬೇಡ.

ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಚಾರ್ಜರ್ ಕಳಚಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೆತ್ತನೆಯ ಬ್ರಶ್‌ನಿಂದ ಉಜ್ಜಿ, ಚೆನ್ನಾಗಿ ಆರಲು ಬಿಟ್ಟೆ. ಪಿನ್ನಿನಿಂದ ಕೆರೆಯಬಾರದು, ಉಳಿದ ಲೇಪವೂ ಹೋಗುತ್ತದೆ. ಆಮೇಲೆ ‘ಎಲ್‌ಎಸ್‌ಯುಎಸ್‌ಬಿ -ಟಿ’ ಎಂದು ಕೇಳಿದಾಗ ಪೆನ್‌ಡ್ರೈವ್ 480ಎಂ (ಸೆಕೆಂಡಿಗೆ 480 ಮೆಗಾಬಿಟ್) ಎಂಬ ವೇಗದೊಂದಿಗೆ ಸಾಧನಗಳ ಪಟ್ಟಿಯಲ್ಲಿತ್ತು. 2000ದಲ್ಲಿ ಬಂದ ಯುಎಸ್‌ಬಿ 2.0ರ ಪೂರ್ಣ ವೇಗ ಅದು. 3.0ರ ಪೋರ್ಟಿಗೆ 3.0ರ ಹಾರ್ಡ್ ಡಿಸ್ಕ್ ಸಿಕ್ಕಿಸಿದಾಗಲೂ 5000ಎಂ ಬರುವ ಬದಲು 480ಎಂ ಎಂದೇ ತೋರಿಸಿದರೆ ಕೇಬಲ್ ಬದಲಾಯಿಸಿ ನೋಡಿ.

ನಿಜವಾಗಿಯೂ ಎರಡು ವ್ಯವಸ್ಥೆಗಳ ನಡುವಿನ ತಕರಾರೂ ಇದೆ. ವಿಂಡೋಸ್ 8ರಿಂದ ಬಂದಿರುವ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯದಲ್ಲಿ ಶಟ್‌ಡೌನ್ ಎಂದು ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ತನ್ನ ಒಳಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟು ನಿದ್ದೆಗೆ ಹೋಗುತ್ತದೆ. ಬೇಗ ಏಳಲು ಮಾಡಿದ ಉಪಾಯ. ಆ ಸ್ಥಿತಿಯಲ್ಲಿ ಲಿನಕ್ಸ್ ತೆರೆದರೆ ವಿಂಡೋಸಿನ ಭಾಗವನ್ನು ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ, ಕೆಲವೊಮ್ಮೆ ತೆರೆಯುವುದೇ ಇಲ್ಲ. ಸಿಕ್ಕಿಸಿಯೇ ಬಿಟ್ಟಿದ್ದ ಹೊರಗಿನ ಹಾರ್ಡ್ ಡಿಸ್ಕಿಗೂ ಇದೇ ಗತಿ ಬರಬಹುದು. ಕೆಲವು ಲ್ಯಾಪ್‌ಟಾಪುಗಳಲ್ಲಿ ವೈ-ಫೈ ಅಥವಾ ಯುಎಸ್‌ಬಿ ನಿಯಂತ್ರಕವೂ ಅರೆನಿದ್ದೆಯ ಸ್ಥಿತಿಯಲ್ಲೇ ಲಿನಕ್ಸಿನ ಕೈಗೆ ಬರುತ್ತದೆ.

ಪರೀಕ್ಷಿಸುವುದು ಸುಲಭ. ವಿಂಡೋಸಿನಲ್ಲಿ ಶಟ್‌ಡೌನ್ ಬದಲು ರೀಸ್ಟಾರ್ಟ್ ಒತ್ತಿ ಲಿನಕ್ಸಿಗೆ ಬನ್ನಿ. ರೀಸ್ಟಾರ್ಟಿನಲ್ಲಿ ವಿಂಡೋಸ್ ಪೂರ್ತಿ ಮುಚ್ಚುತ್ತದೆ. ತೊಂದರೆ ಮಾಯವಾದರೆ ಕಾರಣ ಸಿಕ್ಕಿತು. ಖಾಯಂ ಪರಿಹಾರಕ್ಕೆ ಪವರ್ ಆಪ್ಷನ್ಸ್‌ನಲ್ಲಿ ಆ ಸೌಲಭ್ಯದ ಗುರುತು ತೆಗೆಯಿರಿ, ಇಲ್ಲವೇ ನಿರ್ವಾಹಕರ ಅಧಿಕಾರದಲ್ಲಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ‘ಪವರ್‌ಸಿಎಫ್‌ಜಿ /ಎಚ್ ಆಫ್’ ಎಂದು ಕೊಡಿ. ಎರಡು ವ್ಯವಸ್ಥೆ ಇರುವ ಪ್ರತಿಯೊಂದು ಲ್ಯಾಪ್‌ಟಾಪಿನಲ್ಲೂ ಇದನ್ನು ನಾನು ಕೇಳದೆಯೇ ಮಾಡಿಕೊಡುತ್ತೇನೆ. ಏಳಲು ಕೆಲವು ಸೆಕೆಂಡು ಹೆಚ್ಚು ಬೇಕಾಗುತ್ತದೆ, ಅಷ್ಟೇ.

ಇದಕ್ಕೆ ‘ಎನ್‌ಟಿಎಫ್‌ಎಸ್‌ಫಿಕ್ಸ್’ ಎಂಬ ಲಿನಕ್ಸಿನ ಆದೇಶ ಬಳಸಿ ಎಂದು ಸಲಹೆ ಕೊಡುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಡಿಸ್ಕಿನ ಮೇಲಿರುವ ‘ಸರಿಯಾಗಿ ಮುಚ್ಚಿಲ್ಲ’ ಎಂಬ ಗುರುತನ್ನು ಅದು ಅಳಿಸಬಲ್ಲದು, ಆದರೆ ಒಳಗಿನ ಗೊಂದಲವನ್ನು ಪೂರ್ತಿ ತಪಾಸಣೆ ಮಾಡುವುದಿಲ್ಲ. ಡಿಸ್ಕನ್ನು ವಿಂಡೋಸಿಗೇ ಕೊಟ್ಟು ‘ಚೆಕ್‌ಡಿಸ್ಕ್’ ಓಡಿಸಿ, ಸರಿಯಾಗಿ ಇಜೆಕ್ಟ್ ಮಾಡಿ ತನ್ನಿ.

ಮೌಸ್ ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಲಿನಕ್ಸಿನಲ್ಲಿ ಮಾತ್ರ ಸತ್ತಂತಾಗುತ್ತದೆಯೇ? ಅದು ಬ್ಯಾಟರಿ ಉಳಿಸಲು ಸಾಧನಗಳನ್ನು ಮಲಗಿಸುವ ವ್ಯವಸ್ಥೆ. ಲಿನಕ್ಸನ್ನು ಏಳಿಸುವ ಗ್ರಬ್‌ನಲ್ಲಿ ‘ಯುಎಸ್‌ಬಿಕೋರ್.ಆಟೊಸಸ್ಪೆಂಡ್=-1’ ಎಂದು ಸೇರಿಸಿ ನೋಡಿ. ಒಂದು ಪೋರ್ಟಿಗೆ ನಾಲ್ಕು ಬಾಯಿಯ ಹಬ್ ಹಾಕಿ ಹಾರ್ಡ್ ಡಿಸ್ಕ್ ಓಡಿಸುವವರು ಗಮನಿಸಿ: 2.0 ಪೋರ್ಟ್ ಕೊಡುವುದು 500 ಮಿಲಿಆಂಪಿಯರ್, 3.0 ಪೋರ್ಟ್ 900. ಹಬ್ಬಿಗೆ ಪ್ರತ್ಯೇಕ ಅಡಾಪ್ಟರ್ ಇಲ್ಲದಿದ್ದರೆ ಅದನ್ನೇ ಎಲ್ಲವೂ ಹಂಚಿಕೊಳ್ಳಬೇಕು.

ಟೀಚರ್ ಹೊರಡುವಾಗ ಇನ್ನೊಂದು ಪ್ರಶ್ನೆ ಕೇಳಿದರು: ‘ಕಾಪಿ ಆಯಿತು ಎಂದು ತೋರಿಸಿದ ಮೇಲೂ ಶಾಲೆಯಲ್ಲಿ ಕಡತ ಅರ್ಧವೇ ಇತ್ತು. ಅದೂ ಪೋರ್ಟಿನದೇ ದೋಷವೇ?’ ಅಲ್ಲ. ಲಿನಕ್ಸ್ ಕಡತವನ್ನು ಮೊದಲು ತನ್ನ ಮೆಮೊರಿಗೆ ತೆಗೆದುಕೊಂಡು, ನಿಧಾನವಾಗಿ ಪೆನ್‌ಡ್ರೈವಿಗೆ ಬರೆಯುತ್ತದೆ. ಪರದೆಯ ಮೇಲಿನ ಪಟ್ಟಿ ತುಂಬಿದರೂ ಬರೆಯುವ ಕೆಲಸ ಬಾಕಿ ಇರಬಹುದು. ಆ ಹೊತ್ತಿಗೆ ಬಸ್ಸಿಗೆ ತಡವಾಯಿತೆಂದು ಎಳೆದರೆ ಪ್ರಶ್ನೆಪತ್ರಿಕೆಯ ಅರ್ಧ ಮೆಮೊರಿಯಲ್ಲೇ ಉಳಿದು ಹೋಗುತ್ತದೆ. ಅವರ ಎದುರಿಗೇ ದೊಡ್ಡದೊಂದು ವಿಡಿಯೊ ಕಾಪಿ ಮಾಡಿ, ‘ಇಜೆಕ್ಟ್’ ಒತ್ತಿ ತೋರಿಸಿದೆ. ಪಟ್ಟಿ ತುಂಬಿ ಒಂದು ನಿಮಿಷ ಕಳೆದ ಮೇಲೆ ‘ಇನ್ನು ತೆಗೆಯಬಹುದು’ ಎಂಬ ಸಂದೇಶ ಬಂತು. ಟೀಚರ್ ಅಲ್ಲಿಯವರೆಗೆ ಪೆನ್‌ಡ್ರೈವಿನ ದೀಪವನ್ನೇ ನೋಡುತ್ತಿದ್ದರು.

ರಿಪೇರಿಗೆ ತರುವವರಲ್ಲಿ ಒಂದು ಕೋರಿಕೆ. ತೊಂದರೆ ಕೊಡುವ ಸಾಧನ, ಅದರ ಕೇಬಲ್, ಚಾರ್ಜರ್ ಮೂರನ್ನೂ ಜೊತೆಗೆ ತನ್ನಿ. ಸಾಧ್ಯವಾದರೆ ಆ ಎರರ್ ಸಾಲುಗಳ ಫೋಟೊವನ್ನು ಮೊಬೈಲಿನಲ್ಲಿ ತೆಗೆದಿಡಿ, ಯಾವ ಬದಿಯ ಪೋರ್ಟ್ ಎಂಬುದನ್ನು ಬರೆದುಕೊಳ್ಳಿ. ಡಿಸ್ಕ್ ಒಮ್ಮೆ ಕಂಡು ಒಮ್ಮೆ ಮಾಯವಾಗುತ್ತಿದ್ದರೆ, ಕಂಡಾಗ ಬೇಕಾದ ಕಡತಗಳನ್ನು ಮೊದಲು ಬೇರೆಡೆಗೆ ನಕಲು ಮಾಡಿಕೊಂಡು ಆಮೇಲೆ ಅಂಗಡಿಗೆ ಬನ್ನಿ.