ನೋವಿನ ಮನೆಗೆ ಪಂಚಾಯಿತಿ ಬಂದ ಬಗೆ

ಮಧ್ಯಪ್ರದೇಶ, ರಾಜಸ್ಥಾನ ಮತ್ತು ಉತ್ತರಪ್ರದೇಶದಲ್ಲಿ ಪರವಾನಗಿ ಪಡೆದ ರೈತರು ಗಸಗಸೆ ಬೆಳೆದು ಅಫೀಮು ತೆಗೆಯುತ್ತಾರೆ. ಸರ್ಕಾರವೇ ಅದನ್ನು ಕೊಂಡು, ಔಷಧ ತಯಾರಿಕೆಗೆಂದು ಹೊರದೇಶಗಳಿಗೂ ಕಳುಹಿಸುತ್ತ ಬಂದಿದೆ. ಅದೇ ಅಫೀಮಿನಿಂದ ತಯಾರಾಗುವ, ತೀವ್ರ ನೋವನ್ನು ತಗ್ಗಿಸುವ ಮಾರ್ಫಿನ್ ಮಾತ್ರೆ ನಮ್ಮದೇ ಕ್ಯಾನ್ಸರ್ ರೋಗಿಗಳಿಗೆ ಬಹುಕಾಲ ಸಿಗಲಿಲ್ಲ. 1985ರ ಮಾದಕ ವಸ್ತು ನಿಯಂತ್ರಣ ಕಾಯ್ದೆಯು ಅನೇಕ ಅಪರಾಧಗಳಿಗೆ ಕನಿಷ್ಠ ಹತ್ತು ವರ್ಷಗಳ ಸೆರೆವಾಸವನ್ನು ನಿಗದಿಪಡಿಸಿದ ಮೇಲೆ ಔಷಧ ಅಂಗಡಿಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಆಸ್ಪತ್ರೆಯೊಂದು ಅದನ್ನು ತರಿಸಿಕೊಳ್ಳಬೇಕಾದರೆ ಕೊಳ್ಳಲು, ಸಾಗಿಸಲು, ಇಟ್ಟುಕೊಳ್ಳಲು ಬೇರೆ ಬೇರೆ ಪರವಾನಗಿ ಬೇಕಿತ್ತು. ಅಬಕಾರಿ ಇಲಾಖೆ ಮತ್ತು ಔಷಧ ನಿಯಂತ್ರಣ ಇಲಾಖೆಗಳ ನಡುವೆ ಕಾಗದಗಳು ಅಲೆಯುವಷ್ಟರಲ್ಲಿ ಮೊದಲು ಸಿಕ್ಕ ಪರವಾನಗಿಯ ಅವಧಿಯೇ ಮುಗಿದಿರುತ್ತಿತ್ತು. 1997ರ ಹೊತ್ತಿಗೆ ಇಡೀ ದೇಶದಲ್ಲಿ ವರ್ಷಕ್ಕೆ ಬಳಕೆಯಾಗುತ್ತಿದ್ದ ಮಾರ್ಫಿನ್ ಸುಮಾರು 18 ಕಿಲೋಗ್ರಾಂಗೆ ಇಳಿದಿತ್ತು.

ಗುಣವಾಗದ ಕಾಯಿಲೆಯವರ ನೋವನ್ನು ತಗ್ಗಿಸುವ ಉಪಶಮನ ಆರೈಕೆ ಸರ್ಕಾರಿ ಆಸ್ಪತ್ರೆಗಳ ಕೆಲಸದ ಪಟ್ಟಿಯಲ್ಲಿ ಆಗ ಇರಲೇ ಇಲ್ಲ ಎನ್ನಬೇಕು. 'ಇನ್ನು ಮಾಡುವುದೇನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ' ಎಂಬ ಮಾತಿನೊಂದಿಗೆ ಚಿಕಿತ್ಸೆ ಮುಗಿಯುತ್ತಿತ್ತು. ಆ ಮಾತಿನ ನಂತರ ಮನೆಯಲ್ಲಿ ಏನಾಗುತ್ತದೆ ಎಂದು ಮೊದಲು ನೋಡಲು ಹೋದವರು ದಾನದ ಹಣದಲ್ಲಿ ನಡೆಯುವ ಸಂಸ್ಥೆಗಳವರು. ಮುಂಬಯಿಯಲ್ಲಿ 1986ರಲ್ಲಿ ಕೊನೆಗಾಲದ ರೋಗಿಗಳ ಆರೈಕೆ ಮನೆಯಾದ (ಹಾಸ್ಪೈಸ್) ಶಾಂತಿ ಅವೇದನಾ ಸದನ ಆರಂಭವಾಯಿತು. ಬೆಂಗಳೂರಿನಲ್ಲಿ 1994ರಲ್ಲಿ ಹುಟ್ಟಿದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಮೊದಲು ಮನೆಮನೆಗೆ ಹೋಗಿ ಆರೈಕೆ ಮಾಡಿ, ಆಮೇಲೆ ಕರುಣಾಶ್ರಯವನ್ನು ಕಟ್ಟಿತು. ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಂದ ಅಲ್ಲಿ ಹಣ ಪಡೆಯುವುದಿಲ್ಲ.

ಆದರೆ ದಾನದ ಕೆಲಸ ಸಾರ್ವಜನಿಕ ವ್ಯವಸ್ಥೆಯನ್ನೇ ಬದಲಿಸಿದ್ದನ್ನು ನೋಡಲು ಕೇರಳಕ್ಕೆ ಹೋಗಬೇಕು. 1993ರಲ್ಲಿ ಕೋಯಿಕ್ಕೋಡಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆವರಣದಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಅವರ ಸಂಗಡಿಗರು ಪೇಯ್ನ್ ಅಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿ ಎಂಬ ಉಪಶಮನ ಆರೈಕೆಯ ಸಂಘವನ್ನು ಶುರುಮಾಡಿದರು. ಆಸ್ಪತ್ರೆ ಸರ್ಕಾರದ್ದು, ಸಂಘ ದಾನಿಗಳದ್ದು. ನನ್ನ ದೃಷ್ಟಿಯಲ್ಲಿ ಮುಂದಿನ ಎಲ್ಲಕ್ಕೂ ಬೀಜ ಬಿದ್ದದ್ದು ಈ ಏರ್ಪಾಡಿನಲ್ಲೇ. ಸಂಘದವರು ಊರಾಚೆ ಬೇರೆ ಕಟ್ಟಡ ಕಟ್ಟಿಕೊಂಡಿದ್ದರೆ ಅದು ಒಳ್ಳೆಯ ಸೇವೆಯಾಗಿ ಉಳಿಯುತ್ತಿತ್ತು, ಸರ್ಕಾರದ ಕಣ್ಣೆದುರಿನ ಪಾಠವಾಗುತ್ತಿರಲಿಲ್ಲ.

ರೋಗಿಗಳು ದೂರದೂರಿನಿಂದ ಕೋಯಿಕ್ಕೋಡಿಗೆ ಬರಲಾರರು ಎಂಬುದು ಬೇಗನೆ ತಿಳಿಯಿತು. ಮಲಪ್ಪುರಂ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ 2001ರಿಂದ ಬೆಳೆದ ನೆರೆಹೊರೆಯ ಆರೈಕೆ ಜಾಲದಲ್ಲಿ ವಿದ್ಯಾರ್ಥಿಗಳು, ಅಂಗಡಿಯವರು, ಕೂಲಿಕಾರರು ತರಬೇತಿ ಪಡೆದು ತಮ್ಮದೇ ಬೀದಿಯ ರೋಗಿಗಳ ಹೊಣೆ ಹೊತ್ತರು. ಊರಿನವರು ಹಾಕಿದ ಚಿಲ್ಲರೆ ಹಣದಿಂದ ನರ್ಸ್ ಸಂಬಳ ಮತ್ತು ಜೀಪಿನ ಬಾಡಿಗೆ ಹೊರಟವು.

ಒಂದು ಮನೆಭೇಟಿಯಲ್ಲಿ ನಡೆಯುವುದು ಬಹಳ ಸಾಧಾರಣ ಕೆಲಸ. ಕೊಳೆತು ನಾರುವ ಕ್ಯಾನ್ಸರ್ ಹುಣ್ಣನ್ನು ಉಪ್ಪುನೀರಿನಲ್ಲಿ ತೊಳೆದು, ನಾತಕ್ಕೆ ಕಾರಣವಾದ ಸೂಕ್ಷ್ಮಾಣುಗಳನ್ನು ಕೊಲ್ಲುವ ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿಮಾಡಿ ಮೇಲೆ ಉದುರಿಸುತ್ತಾರೆ. ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಲ್ಲುತ್ತಿದ್ದ ಮೊಮ್ಮಕ್ಕಳು ಕೆಲವು ದಿನಗಳಲ್ಲಿ ಮತ್ತೆ ಅಜ್ಜಿಯ ಮಂಚದ ಹತ್ತಿರ ಬರುವಂತಾಗಲು ಅಷ್ಟೇ ಸಾಕು. ಮಾರ್ಫಿನ್ ಅನ್ನು ನಾಲ್ಕು ಗಂಟೆಗೊಮ್ಮೆ ಕೊಡಬೇಕು, ನಡುರಾತ್ರಿ ಎಬ್ಬಿಸುವುದು ಬೇಡವೆಂದು ಮಲಗುವಾಗ ಎರಡರಷ್ಟು ಕೊಡಬಹುದು, ಜೊತೆಗೆ ಮಲಬದ್ಧತೆಗೆ ಔಷಧ ತಪ್ಪಿಸಬಾರದು ಎಂದು ಮಗಳಿಗೋ ಸೊಸೆಗೋ ಹೇಳಿಕೊಡುತ್ತಾರೆ. ಇದ್ಯಾವುದಕ್ಕೂ ದೊಡ್ಡ ಯಂತ್ರ ಬೇಡ. ಬಾಗಿಲಿಗೆ ಬರುವವರೊಬ್ಬರು ಬೇಕು, ಅವರು ಮತ್ತೆ ಬರುತ್ತಾರೆಂಬ ಭರವಸೆ ಬೇಕು.

ಆ ಭರವಸೆಯನ್ನು ಕೇವಲ ದಾನದಿಂದ ರಾಜ್ಯದ ಉದ್ದಗಲಕ್ಕೂ ಕೊಡಲಾಗದು. ಚಂದಾ ಕಡಿಮೆಯಾದ ವರ್ಷ ಭೇಟಿಯೂ ಕಡಿಮೆಯಾಗುತ್ತದೆ. ಹಣವಂತರಿರುವ ಊರಿಗೆ ಸಿಗುವ ಸೇವೆ ಬಡ ಊರಿಗೆ ಸಿಗುವುದಿಲ್ಲ. ಇದನ್ನು ಮನಗಂಡು ಈ ಕೆಲಸವನ್ನು ಸರ್ಕಾರದ ಕರ್ತವ್ಯವಾಗಿಸಲು ಪಟ್ಟುಹಿಡಿದದ್ದು ಸಂಘಗಳ ದೊಡ್ಡತನ ಎಂದೇ ನಾನು ಭಾವಿಸುತ್ತೇನೆ. 2008ರಲ್ಲಿ ಕೇರಳ ಸರ್ಕಾರ ಉಪಶಮನ ಆರೈಕೆ ನೀತಿಯನ್ನು ಪ್ರಕಟಿಸಿತು. ಸ್ಥಳೀಯ ಪಂಚಾಯಿತಿ ಹಣ ಕೊಡಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸೇರಿದ ತರಬೇತಾದ ನರ್ಸ್ ಮನೆಮನೆಗೆ ಹೋಗಬೇಕು, ಸ್ವಯಂಸೇವಕರು ಜೊತೆಗಿರಬೇಕು ಎಂಬ ವ್ಯವಸ್ಥೆ ಅದರಿಂದ ಬೆಳೆಯಿತು. 2010ರಲ್ಲಿ ನಲವತ್ತು ದೇಶಗಳ 'ಸಾವಿನ ಗುಣಮಟ್ಟ'ವನ್ನು, ಅಂದರೆ ಕೊನೆಗಾಲದಲ್ಲಿ ಸಿಗುವ ಆರೈಕೆಯನ್ನು, ಹೋಲಿಸಿದ ಎಕನಾಮಿಸ್ಟ್ ಇಂಟೆಲಿಜೆನ್ಸ್ ಯೂನಿಟ್ ವರದಿ ಭಾರತವನ್ನು ಕೊನೆಯ ಸ್ಥಾನದಲ್ಲಿಟ್ಟಿತು. ದೇಶದ ಜನಸಂಖ್ಯೆಯ ಶೇ. 3ರಷ್ಟಿರುವ ಕೇರಳದಲ್ಲೇ ಇಂಥ ಸೇವೆಗಳ ಮೂರನೇ ಎರಡರಷ್ಟು ಭಾಗವಿದೆ ಎಂದೂ ಅದೇ ವರದಿ ಗುರುತಿಸಿತು.

ಕಾನೂನಿನ ತಿದ್ದುಪಡಿಯೂ ಇದೇ ಬಳಗದ ದೀರ್ಘ ಹೋರಾಟದ ಫಲ. ರಾಜಗೋಪಾಲ್ ಅವರು ತಿರುವನಂತಪುರದಲ್ಲಿ 2003ರಲ್ಲಿ ಸ್ಥಾಪಿಸಿದ ಪ್ಯಾಲಿಯಂ ಇಂಡಿಯಾ ಹಾಗೂ ಜೊತೆಯ ಸಂಸ್ಥೆಗಳು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ ಸಂಸತ್ತು 2014ರಲ್ಲಿ 1985ರ ಆ ಮಾದಕ ವಸ್ತು ಕಾಯ್ದೆಯನ್ನು ತಿದ್ದಿತು. ಮಾರ್ಫಿನ್ ಸೇರಿದಂತೆ ಅಗತ್ಯ ನೋವುನಿವಾರಕಗಳಿಗೆ ಇಡೀ ದೇಶಕ್ಕೆ ಒಂದೇ ನಿಯಮ ಬಂದು, ಅವನ್ನು ಇಟ್ಟುಕೊಳ್ಳುವ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಅಧಿಕಾರ ರಾಜ್ಯದ ಔಷಧ ನಿಯಂತ್ರಕರ ಕೈಗೆ ಸೇರಿತು.

ಹಸ್ತಾಂತರದಲ್ಲಿ ಕಳೆದುಹೋಗುವುದೂ ಉಂಟು. ಇಲಾಖೆಯ ಕೈಗೆ ಬಂದ ಕೂಡಲೇ ಭೇಟಿಗಳ ಲೆಕ್ಕ ಮುಖ್ಯವಾಗುತ್ತದೆ. ತಿಂಗಳಿಗೊಮ್ಮೆ ಹೋಗಿ ರಿಜಿಸ್ಟರಿನಲ್ಲಿ ಬರೆದರೆ ಗುರಿ ಮುಟ್ಟಿದಂತೆ, ನೋವು ಇಳಿಯಿತೇ ಎಂಬ ಕಾಲಂ ಇಲ್ಲದಿದ್ದರೆ ಅದನ್ನು ಕೇಳುವವರಿಲ್ಲ. ಆದ್ದರಿಂದ ಸಂಘಗಳು ಸೇವೆಯನ್ನು ಒಪ್ಪಿಸಿ ಹಿಂದೆ ಸರಿಯದೆ ತರಬೇತಿ ಕೊಡುತ್ತ, ಪ್ರಶ್ನೆ ಕೇಳುತ್ತ ಉಳಿಯಬೇಕಾಗುತ್ತದೆ.

ಕರ್ನಾಟಕ 2016ರಲ್ಲಿ ತನ್ನದೇ ಉಪಶಮನ ಆರೈಕೆ ನೀತಿಯನ್ನು ಒಪ್ಪಿಕೊಂಡಿತು. 2025ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ ತೀರ್ಪಿಗೆ ಅನುಗುಣವಾಗಿ, ಚೇತರಿಸಿಕೊಳ್ಳುವ ಆಸೆಯಿಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವ ಕ್ರಮವನ್ನು ತಿಳಿಸುವ ಸುತ್ತೋಲೆಯನ್ನೂ ಹೊರಡಿಸಿತು. ವೈದ್ಯರ ಮಂಡಳಿಗಳು ಹೇಗಿರಬೇಕೆಂದು ಅದರಲ್ಲಿ ವಿವರವಾಗಿದೆ. ವೆಂಟಿಲೇಟರ್ ಬೇಡವೆಂದು ಸಹಿ ಹಾಕಿ ರೋಗಿಯನ್ನು ಊರಿಗೆ ಕರೆದೊಯ್ದ ಕುಟುಂಬಕ್ಕೆ ಆ ರಾತ್ರಿಯ ನೋವಿಗೆ ಮಾರ್ಫಿನ್ ಬೇಕಾಗುತ್ತದೆ. ಅದನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಬೀರುವಿನಲ್ಲಿ ಇಡುವ ಮತ್ತು ಮನೆಗೆ ತಂದುಕೊಡುವ ಹೊಣೆ ಯಾರದೆಂದು ಜಿಲ್ಲೆ ಜಿಲ್ಲೆಗೂ ಗೊತ್ತುಮಾಡುವ ಕೆಲಸ ಇನ್ನು ಆಗಬೇಕು.