ಕೀಟೋನ್ ಪುಡಿ ಕುಡಿದರೆ ಕೊಬ್ಬು ಕರಗುತ್ತದೆಯೇ?

ಪ್ರಶ್ನೆ: ತೂಕ ಇಳಿಸಲು, ಅನ್ನ, ಸಕ್ಕರೆಯಂಥವನ್ನು ತೀರಾ ಕಡಿಮೆ ಮಾಡುವ ಕೀಟೋ ಪಥ್ಯ ಹಿಡಿದಿದ್ದೆ, ಕೆಲವೇ ವಾರಗಳಲ್ಲಿ ಬೇಸತ್ತು ಬಿಟ್ಟುಬಿಟ್ಟೆ. ಪಥ್ಯವೇ ಬೇಡ, ಕೀಟೋನ್ ಪುಡಿಯನ್ನು ನೀರಿಗೆ ಬೆರೆಸಿ ಕುಡಿದರೆ ಅರ್ಧ ಗಂಟೆಯಲ್ಲಿ ದೇಹ ಕೀಟೋಸಿಸ್ ಸ್ಥಿತಿಗೆ (ಕೊಬ್ಬಿನಿಂದ ತಯಾರಾಗುವ ಕೀಟೋನ್ ಎಂಬ ಇಂಧನ ರಕ್ತದಲ್ಲಿ ಏರಿದ ಸ್ಥಿತಿ) ಹೋಗುತ್ತದೆ, ಕೊಬ್ಬು ಕರಗುತ್ತದೆ, ಮೆದುಳು ಚುರುಕಾಗುತ್ತದೆ ಎಂದು ಜಾಹೀರಾತುಗಳು ಹೇಳುತ್ತವೆ. ನನಗೆ ರಕ್ತದೊತ್ತಡವಿದೆ, ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತೇನೆ. ಈ ಪುಡಿ ಸುರಕ್ಷಿತವೇ? ಇದರಿಂದ ನಿಜವಾಗಿಯೂ ಪ್ರಯೋಜನವಿದೆಯೇ?

ಉತ್ತರ: ಮೊದಲು ನಿಮಗೆ ಬೇಕಾದ ಉತ್ತರ. ಈ ಪುಡಿಯಿಂದ ಕೊಬ್ಬು ಕರಗುವುದಿಲ್ಲ. ರಕ್ತದೊತ್ತಡಕ್ಕೆ ಔಷಧ ತೆಗೆದುಕೊಳ್ಳುತ್ತಿರುವ ನೀವು ವೈದ್ಯರಿಗೆ ತೋರಿಸದೆ ಇದನ್ನು ಮುಟ್ಟಬೇಡಿ. ಆರೋಗ್ಯವಂತರು ಕೆಲವು ದಿನ ಕುಡಿದರೆ ಹೊಟ್ಟೆ ಕೆಡುವುದಕ್ಕಿಂತ ದೊಡ್ಡ ಅಪಾಯವೇನೂ ಸಾಮಾನ್ಯವಾಗಿ ಆಗುವುದಿಲ್ಲ, ನಿಜ. ಆದರೆ ಅಪಾಯವಿಲ್ಲ ಎಂದ ಮಾತ್ರಕ್ಕೆ ಲಾಭವಿದೆ ಎಂದಾಗುವುದಿಲ್ಲವಲ್ಲ.

ಜಾಹೀರಾತಿನ ಅರ್ಧ ಗಂಟೆಯ ಮಾತು ಸುಳ್ಳಲ್ಲ. ಕುಡಿದ ಅರ್ಧ, ಒಂದು ಗಂಟೆಯಲ್ಲಿ ರಕ್ತದ ಕೀಟೋನ್ ಮಟ್ಟ ಏರುತ್ತದೆ. ಬೆರಳು ಚುಚ್ಚಿ ನೋಡುವ ಮೀಟರಿನಲ್ಲಿ ಅಂಕಿ ಕಣ್ಣಿಗೆ ಕಾಣುತ್ತದೆ. ಹಾಗಾಗಿಯೇ ಜನ ನಂಬುತ್ತಾರೆ. ಆದರೆ ಆ ಅಂಕಿಗೂ ನಿಮ್ಮ ಸೊಂಟದ ಕೊಬ್ಬಿಗೂ ಏನು ಸಂಬಂಧ ಎಂಬುದನ್ನು ಮೀಟರ್ ಹೇಳುವುದಿಲ್ಲ.

ಊಟವಿಲ್ಲದೆ ಹೆಚ್ಚು ಹೊತ್ತು ಕಳೆದಾಗ, ಅಥವಾ ಅನ್ನ, ಸಕ್ಕರೆಯಂಥ ಪಿಷ್ಟ ಪದಾರ್ಥಗಳನ್ನು ತೀರಾ ಕಡಿಮೆ ಮಾಡಿದಾಗ, ರಕ್ತದಲ್ಲಿ ಇನ್ಸುಲಿನ್ ಇಳಿಯುತ್ತದೆ. ಇನ್ಸುಲಿನ್ ಇಳಿದರೆ ಕೊಬ್ಬಿನ ಕೋಶಗಳು ತಮ್ಮೊಳಗಿನ ಕೊಬ್ಬಿನಾಮ್ಲಗಳನ್ನು ರಕ್ತಕ್ಕೆ ಬಿಡುತ್ತವೆ. ಅವು ಯಕೃತ್ತನ್ನು ತಲುಪುತ್ತವೆ. ಯಕೃತ್ತು ಅವನ್ನು ಒಡೆದು ಅಸಿಟೋಅಸಿಟೇಟ್ ಮತ್ತು ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಎರಡು ಇಂಧನಗಳನ್ನು ತಯಾರಿಸುತ್ತದೆ, ಇವೇ ಕೀಟೋನ್‌ಗಳು. ಮೂರನೆಯದು ಅಸಿಟೋನ್, ಅದರ ಬಹುಪಾಲು ಉಸಿರಿನಲ್ಲೂ ಮೂತ್ರದಲ್ಲೂ ಹೊರಹೋಗುತ್ತದೆ, ಕೀಟೋ ಪಥ್ಯದವರ ಬಾಯಿಯ ವಿಚಿತ್ರ ವಾಸನೆಗೆ ಅದೇ ಕಾರಣ. ಸ್ವಾರಸ್ಯವೆಂದರೆ, ಇಷ್ಟೆಲ್ಲ ತಯಾರಿಸುವ ಯಕೃತ್ತಿಗೆ ಕೀಟೋನ್‌ಗಳನ್ನು ತಾನೇ ಉರಿಸಿಕೊಳ್ಳಲು ಬೇಕಾದ ಕಿಣ್ವ ಇಲ್ಲ. ತಯಾರಾದದ್ದೆಲ್ಲ ಹೃದಯ, ಸ್ನಾಯು ಮತ್ತು ಮುಖ್ಯವಾಗಿ ಮೆದುಳಿಗೆ ಹೋಗುತ್ತದೆ. 1967ರಲ್ಲಿ ಬಾಸ್ಟನ್ನಿನ ಜಾರ್ಜ್ ಕೇಹಿಲ್ ತಂಡ, ಆಸ್ಪತ್ರೆಯ ನಿಗಾದಲ್ಲಿ ವಾರಗಟ್ಟಲೆ ಉಪವಾಸವಿದ್ದ ಸ್ಥೂಲಕಾಯದವರನ್ನು ಪರೀಕ್ಷಿಸಿ, ಅವರ ಮೆದುಳು ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ಕೀಟೋನ್‌ಗಳಿಂದಲೇ ಪಡೆಯುತ್ತಿದೆ ಎಂದು ತೋರಿಸಿತು. ಅದುವರೆಗೆ ಕೀಟೋನ್ ಎಂದರೆ ಮಧುಮೇಹಿಗಳ ಮೂತ್ರದಲ್ಲಿ ಕಾಣುವ ಕೆಟ್ಟ ಸೂಚನೆ ಎಂದಷ್ಟೇ ಹೆಚ್ಚಿನ ವೈದ್ಯರು ಭಾವಿಸಿದ್ದರು.

ಸಾಮಾನ್ಯವಾಗಿ ಉಣ್ಣುವವರ ರಕ್ತದಲ್ಲಿ ಕೀಟೋನ್ ಮಟ್ಟ ಲೀಟರಿಗೆ 0.5 ಮಿಲಿಮೋಲ್‌ಗಿಂತ ಕಡಿಮೆ. ಕೀಟೋ ಪಥ್ಯದಲ್ಲಿ ಅದು 0.5ರಿಂದ 3ರವರೆಗೆ ಹೋಗುತ್ತದೆ. ಪಥ್ಯದವರಲ್ಲಿ ಆ ಅಂಕಿ ಬರುವುದು ಕೊಬ್ಬು ಒಡೆದ ಮೇಲೆ. ಪುಡಿ ಕುಡಿದವರಲ್ಲಿ ಅದು ಬರುವುದು ಡಬ್ಬಿಯಿಂದ. ಸಾಲ ತಂದು ಖಾತೆಗೆ ಹಾಕಿದರೂ ಪಾಸ್‌ಬುಕ್ಕಿನಲ್ಲಿ ಮೊತ್ತ ಏರುತ್ತದೆ, ಅದನ್ನು ಯಾರೂ ಸಂಪಾದನೆ ಎನ್ನುವುದಿಲ್ಲ.

ವಿಷಯ ಅಷ್ಟಕ್ಕೇ ನಿಲ್ಲುವುದಿಲ್ಲ. ಕೊಬ್ಬಿನ ಕೋಶಗಳ ಮೇಲೆ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಬಂದು ಕೂರುವ ಒಂದು ಗ್ರಾಹಕವಿದೆ, ಎಂದರೆ ಸಂದೇಶವನ್ನು ಹಿಡಿದು ಕೋಶದೊಳಗೆ ದಾಟಿಸುವ ಪ್ರೋಟೀನು. ನಯಾಸಿನ್ ಎಂಬ ಬಿ ಜೀವಸತ್ವ ಕೂರುವುದೂ ಅದರ ಮೇಲೆಯೇ. ಅಲ್ಲಿ ಕೂತೊಡನೆ ಕೋಶಕ್ಕೆ ಹೋಗುವ ಆದೇಶ, ಕೊಬ್ಬು ಬಿಡುವುದನ್ನು ನಿಧಾನಿಸು ಎಂದು. ದೇಹದ ದೃಷ್ಟಿಯಿಂದ ಇದು ಸರಿಯಾದ ಏರ್ಪಾಡು: ಸಾಕಷ್ಟು ಕೀಟೋನ್ ಓಡಾಡುತ್ತಿದ್ದರೆ ಇನ್ನಷ್ಟು ಕೊಬ್ಬು ಒಡೆಯುವ ಅಗತ್ಯವಿಲ್ಲ. ಉಪವಾಸದಲ್ಲಿ ಕೀಟೋನ್ ಮಿತಿಮೀರದಂತೆ ಕಾಯುವ ಕಡಿವಾಣಗಳಲ್ಲಿ ಇದೂ ಒಂದು. ಕೀಟೋನ್ ಪೇಯ ಕುಡಿದವರ ರಕ್ತದಲ್ಲಿ ಕೊಬ್ಬಿನಾಮ್ಲಗಳ ಮಟ್ಟ ಇಳಿಯುವುದು ಪ್ರಯೋಗಗಳಲ್ಲಿ ಕಂಡಿದೆ. ಎಂದರೆ ಕೊಬ್ಬು ಕರಗಿಸುವ ಹೆಸರಿನಲ್ಲಿ ಮಾರಾಟವಾಗುವ ವಸ್ತು, ಕುಡಿದ ಮೇಲಿನ ಕೆಲವು ಗಂಟೆ ಕೊಬ್ಬು ಹೊರಬರುವುದಕ್ಕೇ ತಡೆ ಹಾಕುತ್ತದೆ. ಜೊತೆಗೆ ಅದು ಗ್ರಾಮಿಗೆ ನಾಲ್ಕೂವರೆಗಿಂತ ಹೆಚ್ಚು ಕ್ಯಾಲೊರಿ ಇರುವ ಇಂಧನ, ಸಕ್ಕರೆಗಿಂತ ತುಸು ಜಾಸ್ತಿಯೇ. ದೇಹ ಮೊದಲು ಅದನ್ನು ಉರಿಸುತ್ತದೆ, ಸೊಂಟದ್ದು ಸರದಿಯಲ್ಲಿ ಕಾಯುತ್ತದೆ.

ತೂಕದ ವಿಷಯದಲ್ಲಿ ಇದರ ಪರವಾಗಿ ಹೇಳಬಹುದಾದದ್ದು ಹಸಿವಿನ ಮಾತೊಂದೇ. ಕೀಟೋನ್ ಎಸ್ಟರ್ (ದ್ರವವಾಗಿ ಬರುವ ಇನ್ನೊಂದು ಬಗೆಯ ಕೀಟೋನ್) ಕುಡಿದವರಲ್ಲಿ ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಕೆಲವು ಗಂಟೆ ಕಡಿಮೆಯಿರುತ್ತದೆ, ಅಷ್ಟೇ ಕ್ಯಾಲೊರಿಯ ಸಕ್ಕರೆ ನೀರು ಕುಡಿದವರಿಗಿಂತ ತಡವಾಗಿ ಹಸಿವಾಗುತ್ತದೆ ಎಂದು 2018ರ ಒಂದು ಅಧ್ಯಯನ ತೋರಿಸಿತು. ಭಾಗವಹಿಸಿದವರು 15 ಜನ, ನೋಡಿದ್ದು ಕೆಲವು ಗಂಟೆಗಳ ಪರಿಣಾಮ. ತಿಂಗಳುಗಟ್ಟಲೆ ಸೇವಿಸಿದರೆ ಈ ಪುಡಿಯಿಂದಲೇ ತೂಕ ಇಳಿಯುತ್ತದೆ ಎಂದು ತೋರಿಸುವ ಗಟ್ಟಿ ಪುರಾವೆ ಇಲ್ಲ.

ಅಂಗಡಿಯಲ್ಲಿ ಸಿಗುವ ಎಲ್ಲ ಕೀಟೋನ್‌ಗಳೂ ಒಂದೇ ಅಲ್ಲ. ಪುಡಿಯ ರೂಪದಲ್ಲಿ ಬರುವುದು ಹೆಚ್ಚಾಗಿ ಕೀಟೋನ್ ಲವಣ: ಬೀಟಾ ಹೈಡ್ರಾಕ್ಸಿಬ್ಯುಟಿರೇಟನ್ನು ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಜೊತೆ ಕಟ್ಟಿದ್ದು. ದುಬಾರಿ ಸಣ್ಣ ಬಾಟಲಿಗಳಲ್ಲಿ ಬರುವ ದ್ರವ ಕೀಟೋನ್ ಎಸ್ಟರ್. ಅದರ ಕಹಿ ಎಂಥದೆಂದರೆ ಕುಡಿದವರು ಸುಲಭವಾಗಿ ಮರೆಯುವುದಿಲ್ಲ. 2017ರಲ್ಲಿ ಎರಡನ್ನೂ ಹೋಲಿಸಿದಾಗ ಎಸ್ಟರ್ ಕುಡಿದವರ ರಕ್ತದಲ್ಲಿ ಮಟ್ಟ ಸುಮಾರು 2.8 ಮಿಲಿಮೋಲ್‌ಗೆ ಏರಿದರೆ, ಲವಣ ಕುಡಿದವರಲ್ಲಿ ಏರಿದ್ದು 1ರ ಆಸುಪಾಸಿಗೆ. ಇದಕ್ಕೊಂದು ಕಾರಣ, ಲವಣದ ಪುಡಿಗಳಲ್ಲಿ ಅನೇಕವು ಒಂದೇ ಅಣುವಿನ ಎರಡು ರೂಪಗಳ ಮಿಶ್ರಣ. ಒಂದು ನಮ್ಮ ದೇಹ ತಯಾರಿಸುವಂಥದು, ಇನ್ನೊಂದು ಕನ್ನಡಿಯಲ್ಲಿ ಕಂಡಂತೆ ಅದರ ತಿರುವುಮುರುವು ರೂಪ. ಎರಡನೆಯದನ್ನು ದೇಹ ಇಂಧನವಾಗಿ ಸರಿಯಾಗಿ ಬಳಸಿಕೊಳ್ಳುವುದಿಲ್ಲ. ಇನ್ನು ರಾಸ್ಪ್‌ಬೆರಿ ಕೀಟೋನ್ ಮಾತ್ರೆಗಳು. ಅದು ಹಣ್ಣಿಗೆ ಪರಿಮಳ ಕೊಡುವ ವಸ್ತು, ಕೀಟೋಸಿಸ್‌ಗೂ ಅದಕ್ಕೂ ಯಾವ ನಂಟೂ ಇಲ್ಲ. ಹೆಸರು ನೋಡಿ ಮೋಸಹೋಗಬೇಡಿ.

ಈಗ ನಿಮಗೆ ನೇರವಾಗಿ ಸಂಬಂಧಿಸಿದ ಭಾಗ. ಲವಣದ ಪುಡಿಯಲ್ಲಿ ಕೀಟೋನ್ ಒಂಟಿಯಾಗಿ ಬರುವುದಿಲ್ಲ, ಖನಿಜವನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಪೂರ್ತಿ ಸೋಡಿಯಂ ಲವಣವಾಗಿದ್ದರೆ ಲೆಕ್ಕ ಸುಲಭ: 10 ಗ್ರಾಂ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಜೊತೆಗೆ ಸುಮಾರು 2.2 ಗ್ರಾಂ ಸೋಡಿಯಂ ಹೊಟ್ಟೆಗೆ ಹೋಗುತ್ತದೆ. ವಯಸ್ಕರು ಇಡೀ ದಿನದಲ್ಲಿ 2 ಗ್ರಾಂಗಿಂತ ಕಡಿಮೆ ಸೋಡಿಯಂ ತಿನ್ನಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಸುಮಾರು 5 ಗ್ರಾಂ ಉಪ್ಪಿಗೆ ಸಮ. ಎಂದರೆ ಒಂದು ಲೋಟ ಪೇಯದಲ್ಲೇ ದಿನದ ಮಿತಿ ದಾಟಿಹೋಗುತ್ತದೆ, ಊಟದ ಉಪ್ಪು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ರಕ್ತದೊತ್ತಡವಿರುವವರಿಗೆ ವೈದ್ಯರು ಮೊದಲು ಹೇಳುವುದೇ ಉಪ್ಪು ಕಡಿಮೆ ಮಾಡಿ ಎಂದು.

ಹಾಗಾದರೆ ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಬೆರೆಸಿದ ಪುಡಿ ಕೊಂಡರೆ? ಅಲ್ಲಿ ಇನ್ನೊಂದು ತೊಡಕು. ರಕ್ತದೊತ್ತಡಕ್ಕೆ ಕೊಡುವ ಹಲವು ಮಾತ್ರೆಗಳು, ಎನಲಾಪ್ರಿಲ್ ಮತ್ತು ರಾಮಿಪ್ರಿಲ್ ಗುಂಪಿನವು, ಲೋಸಾರ್ಟನ್ ಮತ್ತು ಟೆಲ್ಮಿಸಾರ್ಟನ್ ಗುಂಪಿನವು, ಸ್ಪೈರೊನೊಲ್ಯಾಕ್ಟೋನ್, ಮೂತ್ರದಲ್ಲಿ ಪೊಟ್ಯಾಸಿಯಂ ಹೊರಹೋಗುವುದನ್ನು ಕಡಿಮೆ ಮಾಡುತ್ತವೆ. ಅದರ ಮೇಲೆ ಪುಡಿಯ ಪೊಟ್ಯಾಸಿಯಂ ಸೇರಿದರೆ ರಕ್ತದಲ್ಲಿ ಅದರ ಮಟ್ಟ ಏರಬಹುದು. ಪೊಟ್ಯಾಸಿಯಂ ತೀರಾ ಏರಿದರೆ ಹೃದಯದ ಬಡಿತದ ಲಯವೇ ತಪ್ಪುತ್ತದೆ, ಹಲವು ಸಲ ಮುನ್ಸೂಚನೆಯೂ ಇರುವುದಿಲ್ಲ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಅಪಾಯ ಇನ್ನೂ ಹೆಚ್ಚು. ನೀವು ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಬರೆದಿಲ್ಲ, ಆದ್ದರಿಂದಲೇ ಆರಂಭದಲ್ಲೇ ಬೇಡ ಎಂದೆ.

ಎಸ್ಟರ್‌ನಲ್ಲಿ ಖನಿಜದ ಹೊರೆ ಇಲ್ಲ. 24 ಆರೋಗ್ಯವಂತ ವಯಸ್ಕರು 28 ದಿನ, ದಿನಕ್ಕೆ ಮೂರು ಸಲ 25 ಮಿಲಿಲೀಟರಿನಂತೆ ಕುಡಿದ ಒಂದು ಪ್ರಯೋಗದಲ್ಲಿ ಗಂಭೀರ ತೊಂದರೆ ಕಾಣಲಿಲ್ಲ. ವಾಕರಿಕೆ, ಹೊಟ್ಟೆ ಕೆಡುವುದು, ತಲೆನೋವು ಕೆಲವೊಮ್ಮೆ ಬಂದವು. ಇದು ಸಮಾಧಾನದ ಸಂಗತಿಯೇ. ಆದರೆ ಪ್ರಯೋಗ ನಡೆದದ್ದು ನಾಲ್ಕು ವಾರ, ಅದೂ ಕಾಯಿಲೆಯಿಲ್ಲದವರ ಮೇಲೆ. ವರ್ಷಗಟ್ಟಲೆ ಕುಡಿಯುವವರಿಗೂ ಗರ್ಭಿಣಿಯರಿಗೂ ಅದರಿಂದ ಭರವಸೆ ಸಿಗುವುದಿಲ್ಲ.

ಕೀಟೋನ್ ಹೆಚ್ಚಾದರೆ ಪ್ರಾಣಾಪಾಯವಲ್ಲವೇ ಎಂದು ಕೇಳುವವರು ಬಹಳ. ಅವರು ಹೇಳುವುದು ಕೀಟೋಅಸಿಡೋಸಿಸ್ ಬಗ್ಗೆ. ಇನ್ಸುಲಿನ್ ಬಹುತೇಕ ಇಲ್ಲವಾದಾಗ ಕೊಬ್ಬು ಒಡೆಯುವುದಕ್ಕೆ ಕಡಿವಾಣವೇ ಇಲ್ಲದೆ, ಕೀಟೋನ್ ಹತ್ತು, ಇಪ್ಪತ್ತು ಮಿಲಿಮೋಲ್‌ಗೂ ಏರಿ ರಕ್ತ ಆಮ್ಲೀಯವಾಗುವ ಸ್ಥಿತಿ ಅದು. ಇನ್ಸುಲಿನ್ ಸರಿಯಾಗಿರುವವರಿಗೆ ಒಂದು ಲೋಟ ಪುಡಿಯಿಂದ ಅದು ಬರುವುದಿಲ್ಲ, ಕೆಲವೇ ಗಂಟೆಗಳಲ್ಲಿ ಮಟ್ಟ ಮೊದಲಿನಂತಾಗುತ್ತದೆ. ಟೈಪ್ 1 ಮಧುಮೇಹಿಗಳ ಕಥೆ ಬೇರೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರದೂ ಬೇರೆ. ಆ ಗುಂಪಿನ ಮಾತ್ರೆಗಳಿಂದ, ಸಕ್ಕರೆ ಹೆಚ್ಚೇನೂ ಏರದಿದ್ದರೂ ಕೀಟೋಅಸಿಡೋಸಿಸ್ ಬರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2015ರಲ್ಲೇ ಎಚ್ಚರಿಸಿದೆ. ಇಂಥವರಿಗೆ ಕೀಟೋನ್ ಮೀಟರ್ ಅಪಾಯದ ಗಂಟೆ. ಪುಡಿ ಕುಡಿದರೆ ಆ ಗಂಟೆ ಸುಮ್ಮನೆ ಬಾರಿಸತೊಡಗುತ್ತದೆ, ನಿಜವಾದ ಅಪಾಯ ಬಂದಾಗ ಅದೂ ಪುಡಿಯದ್ದೇ ಇರಬೇಕು ಎಂದು ಸುಮ್ಮನಾಗುವ ಸಂಭವವಿದೆ. ಈ ಎರಡು ಬಗೆಯವರು ಕುಡಿಯಲೇಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಕ್ರೀಡಾಪಟುಗಳ ಮಾತು ಚುಟುಕಾಗಿ. 2016ರಲ್ಲಿ ಎಂಟು ಸೈಕಲ್ ಪಟುಗಳ ಪ್ರಯೋಗದಲ್ಲಿ ಎಸ್ಟರ್ ಕುಡಿದವರು ಅರ್ಧ ಗಂಟೆಯ ಓಟದಲ್ಲಿ ಸುಮಾರು ಶೇ 2ರಷ್ಟು ಹೆಚ್ಚು ದೂರ ಸಾಗಿದರು. ಸುದ್ದಿ ಎಲ್ಲೆಡೆ ಹರಡಿತು. ಮರುವರ್ಷ ಬೇರೊಂದು ಬಗೆಯ ಎಸ್ಟರ್ ಕುಡಿದ ವೃತ್ತಿಪರ ಸೈಕಲ್ ಪಟುಗಳು ಹೊಟ್ಟೆ ಕೆಡಿಸಿಕೊಂಡು ಸುಮಾರು ಶೇ 2ರಷ್ಟು ಹಿಂದೆ ಬಿದ್ದರು. ಆ ಸುದ್ದಿ ಅಷ್ಟಾಗಿ ಹರಡಲಿಲ್ಲ. ಸಾಮರ್ಥ್ಯ ಹೆಚ್ಚುತ್ತದೆ ಎನ್ನಲು ಮನವೊಪ್ಪುವ ಪುರಾವೆಯಿಲ್ಲ ಎಂದು 2025ರಲ್ಲಿ ಸೈಕ್ಲಿಂಗ್‌ನ ಅಂತರರಾಷ್ಟ್ರೀಯ ಒಕ್ಕೂಟವೇ ಹೇಳಿದೆ.

ಮೆದುಳಿನ ವಿಷಯದಲ್ಲಿ ನನಗೆ ಇಷ್ಟು ಅನುಮಾನವಿಲ್ಲ, ಕುತೂಹಲವಿದೆ. ಆಲ್ಝೈಮರ್ ಕಾಯಿಲೆಯಲ್ಲಿ ಮೆದುಳು ಗ್ಲೂಕೋಸನ್ನು ಬಳಸಿಕೊಳ್ಳುವುದು ಕುಗ್ಗುತ್ತದೆ, ಕೀಟೋನ್ ಬಳಸುವ ಶಕ್ತಿ ಮಾತ್ರ ಬಹುಮಟ್ಟಿಗೆ ಉಳಿದಿರುತ್ತದೆ. ಆ ಕೊರತೆಯನ್ನು ಕೀಟೋನ್ ತುಂಬಬಹುದೇ ಎಂಬುದು ಅರ್ಥಪೂರ್ಣ ಪ್ರಶ್ನೆ, ಸಂಶೋಧನೆ ನಡೆಯುತ್ತಿದೆ. ಹೃದಯದ ಬಗ್ಗೆಯೂ ಹಾಗೆಯೇ: 2019ರಲ್ಲಿ ಡೆನ್ಮಾರ್ಕಿನ ವೈದ್ಯರು ಹೃದಯ ವೈಫಲ್ಯದ ರೋಗಿಗಳಿಗೆ ಬೀಟಾ ಹೈಡ್ರಾಕ್ಸಿಬ್ಯುಟಿರೇಟನ್ನು ರಕ್ತನಾಳದ ಮೂಲಕ ಕೊಟ್ಟಾಗ, ಹೃದಯ ಪಂಪು ಮಾಡುವ ರಕ್ತ ನಿಮಿಷಕ್ಕೆ ಸುಮಾರು 2 ಲೀಟರಿನಷ್ಟು ಹೆಚ್ಚಿತು. ಕೊಬ್ಬನ್ನು ಒಡೆಯಲಾಗದ ಒಂದು ಅಪರೂಪದ ಹುಟ್ಟುಕಾಯಿಲೆಯ ಮಕ್ಕಳಿಗೆ ವೈದ್ಯರು ಇದನ್ನೇ ಔಷಧವಾಗಿ ಕೊಟ್ಟು ಚೇತರಿಕೆ ಕಂಡದ್ದೂ ಉಂಟು. ಇವೆಲ್ಲ ನಡೆದದ್ದು ವೈದ್ಯರ ಕಣ್ಣೆದುರು, ಇಂಧನದ ಕೊರತೆ ಅಥವಾ ಅಂಗದ ದೌರ್ಬಲ್ಯ ಇದ್ದವರಲ್ಲಿ. ನಿಮ್ಮ ಮೆದುಳಿಗೆ ಗ್ಲೂಕೋಸಿನ ಬರಗಾಲವಿಲ್ಲ. ಮೂರ್ಛೆ ರೋಗದ ಮಕ್ಕಳಿಗೆ 1920ರ ದಶಕದಿಂದ ಕೊಡುತ್ತಿರುವ ಕೀಟೋ ಪಥ್ಯದ ಯಶಸ್ಸನ್ನೂ ಮಾರಾಟಗಾರರು ಈ ಪುಡಿಗೆ ಅಂಟಿಸುತ್ತಾರೆ. ಅದು ಪಥ್ಯದ ಯಶಸ್ಸು. ಪಥ್ಯದ ಬದಲು ಪುಡಿ ಕೊಟ್ಟರೆ ಮೂರ್ಛೆ ನಿಲ್ಲುತ್ತದೆಂದು ಯಾರೂ ಸಾಬೀತುಪಡಿಸಿಲ್ಲ.

ಡಬ್ಬಿಯನ್ನು ಈಗಾಗಲೇ ಕೊಂಡಿದ್ದರೆ, ಅದನ್ನೂ ನಿಮ್ಮ ಮಾತ್ರೆಯ ಚೀಟಿಯನ್ನೂ ಒಟ್ಟಿಗೆ ವೈದ್ಯರ ಬಳಿ ಒಯ್ಯಿರಿ. ಒಂದು ಅಳತೆಗೆ ಎಷ್ಟು ಸೋಡಿಯಂ, ಎಷ್ಟು ಪೊಟ್ಯಾಸಿಯಂ ಎಂದು ಹಿಂಬದಿಯ ಪಟ್ಟಿಯಲ್ಲಿ ನೋಡಿ. ಅದನ್ನು ನಮೂದಿಸದ ಡಬ್ಬಿಯನ್ನು ತೆರೆಯಲೇಬೇಡಿ. ಈಗಾಗಲೇ ಕೆಲವು ದಿನ ಕುಡಿದಿದ್ದೀರಾದರೆ ನಿಲ್ಲಿಸಿ, ಒಮ್ಮೆ ರಕ್ತದೊತ್ತಡ ನೋಡಿಸಿಕೊಳ್ಳಿ, ರಕ್ತದಲ್ಲಿ ಪೊಟ್ಯಾಸಿಯಂ ಮತ್ತು ಮೂತ್ರಪಿಂಡದ ಕೆಲಸವನ್ನು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಬೇಕೇ ಎಂದು ಕೇಳಿ. ಎದೆ ಹೊಡೆದುಕೊಳ್ಳುವುದು ಅಥವಾ ಸ್ನಾಯುಗಳು ಸೋತಂತಾಗುವುದು ಕಂಡರೆ ವೈದ್ಯರ ಸಮಯಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.