ನೋವಿಲ್ಲದ ಕಿವಿಯನ್ನೂ ತೋರಿಸಿ

ಕಿವಿ ನೋಯುತ್ತಿದ್ದರೆ ಜನ ಅರ್ಧರಾತ್ರಿಯಲ್ಲೂ ಫೋನ್ ಮಾಡುತ್ತಾರೆ. ಕಿವಿ ಸೋರುವವರು ಮಾತ್ರ ವರ್ಷಗಟ್ಟಲೆ ಹತ್ತಿ ಇಟ್ಟುಕೊಂಡೇ ಓಡಾಡುತ್ತಾರೆ. ಕೇಳಿದರೆ, "ನೋವೇನೂ ಇಲ್ಲ ಡಾಕ್ಟ್ರೇ." ನನಗೆ ಚಿಂತೆ ಶುರುವಾಗುವುದೇ ಅಲ್ಲಿ.

ನೆಗಡಿಯಾದ ಮಗು ರಾತ್ರಿಯೆಲ್ಲ ಕಿವಿ ಹಿಡಿದು ಅಳುತ್ತದೆ. ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ಕೊಳವೆ ಮಕ್ಕಳಲ್ಲಿ ಗಿಡ್ಡ. ಸೋಂಕು ಸಲೀಸಾಗಿ ಏರಿ ಕಿವಿಯ ತಮಟೆಯ ಹಿಂದೆ ಕೀವು ತುಂಬುತ್ತದೆ. ಅಜ್ಜಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಾರೆ. ಬೆಳಿಗ್ಗೆ ದಿಂಬಿನ ಮೇಲೆ ಹಳದಿ ಕಲೆ, ಮಗು ಆಟಕ್ಕೆ ರೆಡಿ. ಎಣ್ಣೆಯಿಂದಲೇ ವಾಸಿಯಾಯಿತು ಅಂತ ಮನೆಮಂದಿಗೆಲ್ಲ ಸಮಾಧಾನ. ಆದರೆ ಆಗಿದ್ದೇ ಬೇರೆ. ತಮಟೆ ತೂತಾಗಿ ಕೀವು ಹೊರಬಂತು, ಒತ್ತಡ ಇಳಿಯಿತು, ನೋವು ಹೋಯಿತು. ಸೋಂಕು ಇನ್ನೂ ಒಳಗೇ ಇದೆ. ಹೆಚ್ಚಿನ ಮಕ್ಕಳಲ್ಲಿ ಆ ತೂತು ತಾನಾಗಿ ಮುಚ್ಚುತ್ತದೆ, ಗಾಬರಿ ಬೇಡ. ಎಲ್ಲರಲ್ಲೂ ಮುಚ್ಚುವುದಿಲ್ಲ, ಅದಕ್ಕೇ ತೋರಿಸಿ ಎನ್ನುವುದು. ತೂತಿರುವ ಕಿವಿಗೆ ಬಿಟ್ಟ ಎಣ್ಣೆ ನೇರ ಒಳಗೇ ಇಳಿಯುತ್ತದೆ.

ನೆಗಡಿಯಾದಾಗ ಲೋಳೆಲೋಳೆಯಾಗಿ ಸೋರಿದರೆ ಸಾಮಾನ್ಯವಾಗಿ ಇಂಥ ತೂತೇ ಕಾರಣ. ಸ್ವಲ್ಪವೇ ಸೋರಿ ಕೆಟ್ಟ ವಾಸನೆ ಬಂದರೆ ನನ್ನ ಅನುಮಾನ ಕೊಲೆಸ್ಟಿಯಾಟೋಮಾ ಕಡೆಗೆ. ತಮಟೆಯ ಚರ್ಮ ಒಳಕ್ಕೆ ಬೆಳೆದು, ಸುತ್ತಲಿನ ಮೂಳೆಯನ್ನು ಸವೆಸುವ ಕಾಯಿಲೆ ಇದು. ಕ್ಯಾನ್ಸರ್ ಅಲ್ಲ. ಆದರೆ ಕಿವಿಯ ಪುಟ್ಟ ಮೂಳೆಗಳು, ಮುಖದ ನರ, ಮೆದುಳಿನ ಹೊದಿಕೆ ಎಲ್ಲ ಅಲ್ಲೇ ಅಕ್ಕಪಕ್ಕ.

ತರಕಾರಿ ಮಾರುವ ಒಬ್ಬ ತಾಯಿಯನ್ನು ಸೊಸೆ ಒತ್ತಾಯ ಮಾಡಿ ಕರೆತಂದಿದ್ದರು. ದಿಂಬಿನ ಕವರ್ ಎಷ್ಟು ಒಗೆದರೂ ವಾಸನೆ ಹೋಗುವುದಿಲ್ಲ ಅಂತ ದೂರು. ಆ ತಾಯಿ ನಕ್ಕಾಗ ಬಾಯಿ ಒಂದು ಕಡೆಗೆ ಎಳೆಯಿತು. ಅಷ್ಟರಲ್ಲೇ ಮುಖದ ನರಕ್ಕೆ ಪೆಟ್ಟು ಬಿದ್ದಿತ್ತು. ಆಪರೇಷನ್ ಆಯಿತು, ಈಗ ಚೆನ್ನಾಗಿದ್ದಾರೆ. ಆ ಸೊಸೆಯ ಮೂಗಿಗೆ ನಾನು ಋಣಿ.

ಕಿವಿ ಎಳೆದರೆ ಪ್ರಾಣ ಹೋಗುವಷ್ಟು ನೋವಾದರೆ, ಅದು ಹೆಚ್ಚಾಗಿ ಹೊರಗಿವಿಯ ಸೋಂಕು. ಮಳೆಗಾಲದ ತುರಿಕೆ ಬಹಳ ಸಲ ಬೂಷ್ಟು. ಎರಡಕ್ಕೂ ಬಡ್ಸ್ ಹಾಕಿ ಕೆದಕಬೇಡಿ. ಸಕ್ಕರೆ ಕಾಯಿಲೆ ಇಲ್ಲದವರಲ್ಲಿ ಇವು ಸಾಮಾನ್ಯವಾಗಿ ಬೇಗ ಗುಣವಾಗುತ್ತವೆ.

ನೋವಿಲ್ಲದೆ ಬರುವ ಇನ್ನೊಂದು ತುರ್ತು ಇದೆ. ಬೆಳಿಗ್ಗೆ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಿದ್ದರೆ, ಗುಗ್ಗೆ ಇರಬೇಕು ಅಂತ ಸುಮ್ನೆ ವಾರ ಕಾಯಬೇಡಿ. ಅದು ನರದ ತೊಂದರೆಯಾಗಿದ್ದರೆ ಮೊದಲ ದಿನಗಳಲ್ಲಿ ಕೊಟ್ಟ ಔಷಧಿಗೇ ಫಲ ಜಾಸ್ತಿ. ಅವತ್ತೇ ಬನ್ನಿ.